ಕುದುರೆ ಮಾರಿಬಿಡು

ನನ್ನ ಅಕ್ಕ ತೆಟ್ಟಿಯಾಳನ್ನು ನೇರಿಯಸ್ ಮನೆತನಕ್ಕೆ ಕೊಟ್ಟಾಗ ನನಗೆ ಹದಿನಾರು ವರ್ಷ, ಭಾವ ಸರ್ಟೋರನಿಗೆ ಇಪ್ಪತ್ತೈದು. ನೂರ್ಸಿಯಾದ ನಮ್ಮ ಗುಡ್ಡಗಳಲ್ಲಿ ಆಗ ರಾವುತರ ಮನೆಗಳು ನಾಲ್ಕೇ ನಾಲ್ಕು. ಉಳಿದವರು ಹಂದಿ ಸಾಕಿಕೊಂಡು, ಟರ್ನಿಪ್ ಗಡ್ಡೆ ಬೆಳೆದುಕೊಂಡು, ಚಳಿಗಾಲ ಪೂರ್ತಿ ಒಲೆಯ ಮುಂದೆ ಬೆನ್ನು ಬಗ್ಗಿಸಿ ಕೂರುವ ಜನ. ದಂಡಿಗೆ ಕರೆ ಬಂದಾಗ ಅವರು ನಡೆದು ಹೋಗುತ್ತಿದ್ದರು, ನಾವು ಕುದುರೆಯ ಮೇಲೆ. ಕುದುರೆ ನಮ್ಮದಲ್ಲ, ರೋಮಿನ ಜನ ಕೊಟ್ಟದ್ದು. ಅದನ್ನು ಸಾಕಿ, ಯುದ್ಧದಲ್ಲಿ ಅದರ ಬೆನ್ನಿನ ಮೇಲಿರುವುದಷ್ಟೇ ನಮ್ಮ ಪಾಲಿನ ಕೆಲಸ.

ನನಗೆ ಕುದುರೆ ಏರುವುದನ್ನು ಕಲಿಸಿದವನೇ ಭಾವ. ಭರ್ಜಿ ಕೈಯಲ್ಲಿ ಹಿಡಿದು, ಓಡಿ ಬಂದು, ಒಂದೇ ನೆಗೆತಕ್ಕೆ ಬೆನ್ನ ಮೇಲಿರಬೇಕು. ನಾನು ಎಷ್ಟು ಸಲ ಆಚೆ ಬದಿಗೆ ಬಿದ್ದೆನೋ ಲೆಕ್ಕವಿಲ್ಲ.

"ಬಾಮೈದ, ಕುದುರೆ ಹತ್ತು ಅಂದ್ರೆ ದಾಟು ಅಂತಲ್ಲ ಕಣೋ," ಎಂದು ನಗುತ್ತಿದ್ದ ಭಾವ. "ಬೂದನಿಗೆ ನಿನ್ನ ನೋಡಿ ನೋಡಿ ಕುತ್ತಿಗೆ ನೋವು ಬಂದಿದೆ."

ಬೂದ ಅವನ ಬೂದುಬಣ್ಣದ ಕುದುರೆ. ಅಗಲ ಎದೆ, ಸಣ್ಣ ಕಿವಿ, ಯಾರನ್ನಾದರೂ ಕಚ್ಚುವ ಬಾಯಿ, ಭಾವನನ್ನು ಬಿಟ್ಟು. ಅಕ್ಕ ಅದಕ್ಕೆ ದಿನಾ ಬೆಳಗ್ಗೆ ಗೋಧಿ ಹೊಟ್ಟಿನ ಉಂಡೆ ಒಯ್ದು ಕೊಡುತ್ತಿದ್ದಳು, ಉದ್ದನೆಯ ಸೌಟಿನ ತುದಿಯಲ್ಲಿಟ್ಟು.

ನಾನು ಇಪ್ಪತ್ತೈದಕ್ಕೆ ಬಂದ ವರ್ಷ ನಮ್ಮನ್ನು ಸ್ಪೇನಿಗೆ ಕಳಿಸಿದರು. ನಮ್ಮ ಹತ್ತು ಜನ ರಾವುತರ ಮೇಲೆ ನಾಯಕನಾಗಿ ಬಂದವನು ಕೇಸೋ ವಲ್ಗೀನಿಯಸ್. ಇಪ್ಪತ್ತೆರಡರ ಹುಡುಗಾಟ ಬಿಡದ ಗಂಡು. ಅವನ ಅಜ್ಜ ಸೆನೆಟಿನಲ್ಲಿ ಕೂತವನು, ಸೋದರಮಾವ ಇನ್ನೂ ದೊಡ್ಡ ಪದವಿಗಳ ಕಡೆಗೆ ನಡೆಯುತ್ತಿದ್ದವನು. ಕೆಟ್ಟವನೆಂದು ಆಗ ಅನ್ನಿಸಿರಲಿಲ್ಲ. ಊಟಕ್ಕೆ ನಮ್ಮ ಜೊತೆಯೇ ಕೂರುತ್ತಿದ್ದ. ನಮ್ಮ ಗುಡ್ಡದ ಮಾತನ್ನು ಅಣಕಿಸುತ್ತಿದ್ದ, ಅಷ್ಟೆ.

"ಸರ್ಟೋರ, ನಿಮ್ಮೂರಲ್ಲಿ ಹಂದಿಗಳೂ ಹೀಗೇ ಮಾತಾಡ್ತವಾ?"

"ಇಲ್ಲ ನಾಯಕ್ರೇ, ಅವಕ್ಕೆ ನಮ್ಮ ಭಾಷೆ ಬರಲ್ಲ. ಪಟ್ಟಣದವರ ಹಾಗೆ ಮಾತಾಡ್ತವೆ," ಎಂದ ಭಾವ. ಎಲ್ಲರೂ ನಕ್ಕರು. ಕೇಸೋ ಕೂಡ ನಕ್ಕ, ಸ್ವಲ್ಪ ತಡವಾಗಿ.

ಆ ಬೇಸಗೆಯಲ್ಲಿ ಒಂದು ದಿನ ನಾವು ಹತ್ತು ಜನ ನೀರಿನ ದಾರಿ ನೋಡಿಕೊಂಡು ಬರಲು ಒಂದು ಕಣಿವೆಯೊಳಗೆ ಹೋದೆವು. ಎರಡೂ ಕಡೆ ಬಂಡೆ, ನಡುವೆ ಮುಳ್ಳಿನ ಪೊದೆ. ಮುಕ್ಕಾಲು ದಾರಿ ಹೋದ ಮೇಲೆ ಮೇಲಿನಿಂದ ಕಲ್ಲುಗಳು ಬಂದವು, ಕಲ್ಲಿನ ಹಿಂದೆ ಭರ್ಜಿಗಳು, ಭರ್ಜಿಗಳ ಹಿಂದೆ ಜನ. ಮೊದಲ ಏಟಿಗೇ ನಮ್ಮ ನಾಲ್ವರು ಬಿದ್ದರು. ಉಳಿದವರು ಕುದುರೆ ತಿರುಗಿಸಿ ಓಡಿದರು.

ನಾನು ಏನು ಮಾಡಿದೆ ಎಂದು ಹೇಳಬೇಕು. ನನ್ನ ಕುದುರೆಗೆ ಏನೂ ಆಗಿರಲಿಲ್ಲ. ನನಗೂ ಏನೂ ಆಗಿರಲಿಲ್ಲ. ಬಲಗಡೆ ಒಂದು ದೊಡ್ಡ ಬಂಡೆ, ಅದರ ಹಿಂದೆ ಆಳೆತ್ತರದ ಪೊದೆ ಕಂಡಿತು. ಇಳಿದು, ಕುದುರೆಯನ್ನು ಎಳೆದುಕೊಂಡು ಅದರೊಳಗೆ ನುಗ್ಗಿದೆ. ಕುದುರೆ ಕೆನೆಯದ ಹಾಗೆ ಅದರ ಮೂಗನ್ನು ಎರಡೂ ಕೈಯಿಂದ ಒತ್ತಿ ಹಿಡಿದು ನಿಂತೆ. ತೊಡೆಯೊಳಗೆ ಬಿಸಿಯಾಗಿ ಇಳಿದದ್ದು ಬೆವರಲ್ಲ ಎಂದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು.

ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ಕೇಸೋನ ಕುದುರೆಯ ಹೊಟ್ಟೆಗೆ ಭರ್ಜಿ ನಾಟಿತು. ಅದು ಬಿತ್ತು, ಅವನ ಒಂದು ಕಾಲು ಅದರಡಿ ಸಿಕ್ಕಿತು. ಅವನು ಅಮ್ಮನನ್ನು ಕರೆದ. ಆಗಲೇ ಕಣಿವೆಯ ಬಾಯಿ ತಲುಪಿದ್ದ ಭಾವ ಆ ಕೂಗು ಕೇಳಿ ತಿರುಗಿದ. ತಿರುಗುವ ಅಗತ್ಯವಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಬೂದನನ್ನು ನೆಟ್ಟಗೆ ಒಳಕ್ಕೆ ಓಡಿಸಿಕೊಂಡು ಬಂದ, ಇಳಿದ, ಸತ್ತ ಕುದುರೆಯಡಿಯಿಂದ ಕೇಸೋನನ್ನು ಕಂಕುಳಿಗೆ ಕೈಹಾಕಿ ಎಳೆದ, ಗೋಧಿ ಮೂಟೆ ಎಸೆಯುವ ಹಾಗೆ ಬೂದನ ಬೆನ್ನ ಮೇಲೆ ಎಸೆದ.

"ಕೂದಲು ಗಟ್ಟಿಯಾಗಿ ಹಿಡ್ಕೊಳಿ, ಲಗಾಮು ಮುಟ್ಟಬೇಡಿ! ಅದಕ್ಕೆ ದಾರಿ ಗೊತ್ತು!" ಎಂದು ಕೂಗಿ ಬೂದನ ಪೃಷ್ಠಕ್ಕೆ ಕತ್ತಿಯ ಚಪ್ಪಟೆ ಭಾಗದಿಂದ ಬಾರಿಸಿದ.

ಕೇಸೋ ನನ್ನ ಪೊದೆಯ ಮುಂದೆಯೇ ಹಾದು ಹೋದ. ಹಾದು ಹೋಗುವಾಗ ಅವನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಎಲೆಗಳ ನಡುವೆ ನನ್ನ ಮುಖ, ನನ್ನ ಕೈಯಲ್ಲಿ ಕುದುರೆಯ ಮೂಗು. ಅಷ್ಟನ್ನೂ ಅವನು ನೋಡಿದ. ಹಿಂದೆ ಬಿಟ್ಟುಬಂದವನ ಕಡೆಗೆ ಮಾತ್ರ ತಿರುಗಿ ನೋಡಲಿಲ್ಲ.

ಭಾವ ಎರಡು ಬಂಡೆಗಳ ಸಂದಿಗೆ ಬೆನ್ನು ಕೊಟ್ಟು ಗುರಾಣಿ ಮುಂದೆ ಹಿಡಿದು ನಿಂತ. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಆ ಜನ ಸತ್ತವರ ಕತ್ತಿ, ಶಿರಸ್ತ್ರಾಣ ದೋಚಿಕೊಳ್ಳುವುದರಲ್ಲಿ ತೊಡಗಿ, ಈ ಒಬ್ಬನಿಗಾಗಿ ಯಾಕೆ ಸಾಯಬೇಕು ಎಂದುಕೊಂಡರೋ ಏನೋ, ಮೇಲಕ್ಕೆ ಹತ್ತಿ ಹೋದರು. ಅವನ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಆಗ ನಾನು ಪೊದೆಯಿಂದ ಹೊರಗೆ ಬಂದೆ.

ಭಾವ ನನ್ನನ್ನು ನೋಡಿದ. ನನ್ನ ಕುದುರೆಯನ್ನು ನೋಡಿದ. ನನ್ನ ಒದ್ದೆ ತೊಡೆಯನ್ನೂ ನೋಡಿದ.

"ಕುದುರೆ ಚೆನ್ನಾಗಿದೆಯಲ್ಲ," ಎಂದ. "ಬಾ, ಇಬ್ಬರನ್ನೂ ಹೊರುತ್ತೆ."

ದಾರಿಯುದ್ದಕ್ಕೂ ನಾನು ಅಳುತ್ತಿದ್ದೆ. ಪಾಳೆಯ ಕಾಣಿಸಿದಾಗ ಭಾವ ಹಿಂದಿನಿಂದ ನನ್ನ ಭುಜ ತಟ್ಟಿ, "ಕಣ್ಣೊರೆಸ್ಕೋ. ಮಾತೆಲ್ಲ ನಾನು ಆಡ್ತೀನಿ. ನೀನು ಬಾಯಿ ಮುಚ್ಕೊಂಡಿರು," ಎಂದ.

ಅಲ್ಲಿ ಅವನು ಹೇಳಿದ್ದು ಇಷ್ಟು: ಎಲ್ಲರೂ ಓಡಿದ ಮೇಲೆ ನನ್ನ ಬಾಮೈದ ನನ್ನನ್ನು ಹುಡುಕಿಕೊಂಡು ಕಣಿವೆಯೊಳಕ್ಕೆ ವಾಪಸು ಬಂದ, ಅವನಿಂದ ಬದುಕಿದೆ. ದಂಡನಾಯಕ ಎಲ್ಲರೆದುರು ನನ್ನನ್ನು ಹೊಗಳಿದ. ಕುದುರೆಯ ಎದೆಪಟ್ಟಿಗೆ ಕಟ್ಟುವ ಬೆಳ್ಳಿಯ ಬಿಲ್ಲೆಯೊಂದನ್ನು ತಾನೇ ಕೈಯಾರೆ ಕಟ್ಟಿದ.

ಕೇಸೋ ಅದಾಗಲೇ ತನ್ನ ಕಥೆ ಹೇಳಿಯಾಗಿತ್ತು. ತನ್ನ ಕುದುರೆ ಸತ್ತಿತು. ಸವಾರನಿಲ್ಲದೆ ಓಡುತ್ತಿದ್ದ ಬೂದುಬಣ್ಣದ ಕುದುರೆಯೊಂದನ್ನು ಹಿಡಿದೆ. ಒಬ್ಬನೇ ಕತ್ತಿ ಬೀಸಿಕೊಂಡು ದಾರಿ ಮಾಡಿಕೊಂಡು ಬಂದೆ. ಸರ್ಟೋರ ನೇರಿಯಸ್ ಎಲ್ಲಿ ಬಿದ್ದನೋ ಕಾಣಲಿಲ್ಲ.

"ಭಾವ, ಅವನು ಸುಳ್ಳು ಹೇಳಿದ್ದಾನೆ," ಎಂದೆ ಗುಡಾರದಲ್ಲಿ, ಅವನ ಕೈಗೆ ಬಟ್ಟೆ ಸುತ್ತುತ್ತಾ.

"ಹೇಳದೆ ಏನು ಮಾಡ್ತಾನೆ? ನಿಜ ಹೇಳಿದ್ರೆ ನನ್ನ ತಲೆಗೆ ಓಕ್ ಎಲೆಯ ಕಿರೀಟ ಇಡಬೇಕು. ಇಟ್ಟಮೇಲೆ ಬದುಕಿರೋವರೆಗೂ ನನ್ನನ್ನ ಹೆತ್ತ ತಂದೆ ಥರ ನೋಡ್ಕೋಬೇಕು. ನಾನು ಬಂದ್ರೆ ಎದ್ದು ನಿಲ್ಲಬೇಕು. ವಲ್ಗೀನಿಯಸ್ ಮನೆ ಮಗ ನೂರ್ಸಿಯಾದ ಹಂದಿಯವನಿಗೆ ಅಪ್ಪಾ ಅನ್ನಬೇಕು." ಭಾವ ನೋವಿನಲ್ಲೂ ನಕ್ಕ. "ನನಗೂ ಅಂಥಾ ಮಗ ಬೇಡಪ್ಪ. ಅನ್ನಕ್ಕೆ ದಂಡ."

"ದಂಡನಾಯಕರ ಹತ್ರ ದೂರು ಕೊಟ್ರೆ ಒತ್ತಾಯ ಮಾಡಿ ಹೇಳಿಸ್ತಾರಂತೆ."

"ಒತ್ತಾಯ ಮಾಡಿ ಹೇಳಿಸ್ಕೊಂಡ ಅಪ್ಪ ಅನ್ನೋ ಮಾತು ಯಾವ ಸುಖಕ್ಕೋ? ಬೂದ ವಾಪಸು ಬಂತು. ನಿಮ್ಮಕ್ಕನಿಗೆ ಗಂಡ ವಾಪಸು ಹೋಗ್ತಾನೆ, ಮುಕ್ಕಾಗಿ. ಸಾಕು."

ಮರುದಿನ ಕೇಸೋನ ಆಳು ಬೂದನನ್ನು ತಂದು ಕಟ್ಟಿಹಾಕಿ ಹೋದ. ಕೇಸೋ ಬರಲಿಲ್ಲ.

ಊರಿಗೆ ಬಂದ ಮೇಲೆ ಎರಡು ವರ್ಷ ನನ್ನ ಬಾಯಿ ಮುಚ್ಚಿಯೇ ಇತ್ತು. ಮೂರನೆಯ ವರ್ಷ ಜುಲೈ ತಿಂಗಳ ನಡುವಿನಲ್ಲಿ ರಾವುತರ ಮೆರವಣಿಗೆಗೆ ರೋಮಿಗೆ ಹೋಗಿದ್ದೆವು. ತಲೆಗೆ ಆಲಿವ್ ಎಲೆ, ಮೈಗೆ ಕೆಂಪು ಪಟ್ಟೆಯ ಮೇಲುಹೊದಿಕೆ. ನನ್ನ ಕುದುರೆಯ ಎದೆಯ ಮೇಲೆ ಬೆಳ್ಳಿಯ ಬಿಲ್ಲೆ. ಅದನ್ನು ನೋಡಿ ಜನ ಕೈತೋರಿಸುತ್ತಿದ್ದರು. ಮೆರವಣಿಗೆ ಮುಗಿದ ಮೇಲಿನ ಊಟದಲ್ಲಿ ವೈನ್ ಹೆಚ್ಚಾಯಿತು. ಯಾರೋ ಕೇಸೋನ ಶೌರ್ಯವನ್ನು ಹೊಗಳಿದರು. ನಾನು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ: ಅಮ್ಮನನ್ನು ಕರೆದದ್ದು, ಮೂಟೆಯ ಹಾಗೆ ಎಸೆದದ್ದು, ಕತ್ತಿಯ ಚಪ್ಪಟೆ ಏಟು. ಕೇಳಿದವರು ಬಿದ್ದು ಬಿದ್ದು ನಕ್ಕರು. ನಾನು ಎಲ್ಲಿಂದ ನೋಡಿದೆ ಎಂದು ಆ ಗಲಾಟೆಯಲ್ಲಿ ಯಾರೂ ಕೇಳಲಿಲ್ಲ. ಊರಿಗೆ ಬಂದು ಅಕ್ಕನಿಗೂ ಹೇಳಿದೆ. ಭಾವ ಅವಳಿಗೆ ಬರೀ "ಬೆರಳು ಹೋಯ್ತು" ಎಂದಷ್ಟೇ ಹೇಳಿದ್ದನಂತೆ. ಅವಳು ಒಲೆ ಬಿಟ್ಟು ಎದ್ದುಬಂದು, "ಇಂಥವನನ್ನ ಕಟ್ಕೊಂಡಿದ್ದೀನಾ ನಾನು?" ಎಂದು ಭಾವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ್ದು ನನಗೆ ನೆನಪಿದೆ. ಭಾವ ಮಾತ್ರ ನನ್ನ ಕಡೆ ನೋಡಿ ತಲೆಯಾಡಿಸಿದ್ದ, ಬೇಡವಾಗಿತ್ತು ಎನ್ನುವ ಹಾಗೆ.

ಬೇಡವೇ ಆಗಿತ್ತು. ಕಥೆ ರೋಮಿನ ಸ್ನಾನದ ಮನೆಗಳಿಗೆ ಹೋಯಿತು, ಅಲ್ಲಿಂದ ಕವಾಯತು ಮೈದಾನಕ್ಕೆ. "ಕೇಸೋ, ಅಪ್ಪ ಆರಾಮಾ? ಹಂದಿಗಳೆಲ್ಲ ಆರಾಮಾ?" ಎಂದು ಅವನ ಸರೀಕರು ಕೇಳತೊಡಗಿದರಂತೆ. ಆ ಚಳಿಗಾಲದಲ್ಲಿ ಬೂದ ಹೊಟ್ಟೆನೋವು ಬಂದು ಸತ್ತಿತು. ಭಾವನಿಗೆ ಹೊಸದಾಗಿ ಒಂದು ಕಂದು ಕುದುರೆ ಬಂತು. ಮತ್ತೊಂದು ಬೇಸಗೆಗೆ, ಐದು ವರ್ಷಕ್ಕೊಮ್ಮೆ ಜನರನ್ನು ಎಣಿಸಿ ರಾವುತರ ಯೋಗ್ಯತೆಯನ್ನೂ ತೂಗುವ ಗಣತಿ ಬಂತು. ಆ ಸಲ ಗಣತಿಗೆ ಕೂತ ಇಬ್ಬರು ಹಿರಿಯರಲ್ಲಿ ಒಬ್ಬ ಕೇಸೋನ ಸೋದರಮಾವ.

ತಪಾಸಣೆಯ ಹಿಂದಿನ ದಿನ ಮಧ್ಯಾಹ್ನ, ರೋಮಿನಲ್ಲಿ ಕಾಸ್ಟರ್ ದೇವರ ಗುಡಿಯ ಪಕ್ಕದ ಚಿಲುಮೆಯಲ್ಲಿ ನಾನು ಕುದುರೆಗೆ ನೀರು ಕುಡಿಸುತ್ತಿದ್ದೆ. ಕೇಸೋ ಬಂದು ಪಕ್ಕದಲ್ಲಿ ನಿಂತ. ದಪ್ಪಗಾಗಿದ್ದ.

"ವಿಬಿಯ ತೆಟ್ಟಿಯಸ್. ಬಿಲ್ಲೆ ಚೆನ್ನಾಗಿ ಹೊಳೀತಿದೆ. ದಿನಾ ಉಜ್ಜುತೀಯಾ?"

ನಾನು ಕುದುರೆಯನ್ನು ನೀರಿನಿಂದ ಹಿಂದಕ್ಕೆ ಎಳೆದೆ.

"ನಾಳೆ ನಮ್ಮ ಮಾವ ಸರ್ಟೋರನನ್ನ ಒಂದು ಪ್ರಶ್ನೆ ಕೇಳ್ತಾರೆ. ಯಾರಾದ್ರೂ ನೋಡಿದವರಿದ್ದಾರಾ ಅಂತಾನೂ ಕೇಳ್ತಾರೆ. ನೀನು ನೋಡಿದೀಯ ಅಂತ ಊರೆಲ್ಲ ಸುದ್ದಿ." ಅವನು ನೀರಿಗೆ ಕೈ ಅದ್ದಿ ಮುಖ ತೊಳೆದುಕೊಂಡ. "ಧಾರಾಳವಾಗಿ ಹೇಳು. ನೋಡಿದೆ ಅಂದ ತಕ್ಷಣ ನಾನು ಒಂದೇ ಮಾತು ಕೇಳೋದು: ಎಲ್ಲಿಂದ ನೋಡಿದೆಯಪ್ಪಾ? ಆ ಪೊದೆಯಲ್ಲಿ ಯಾವ ಹಣ್ಣು ಬಿಟ್ಟಿತ್ತು? ಅಷ್ಟೆ."

"ನಾಯಕ್ರೇ, ಅವನು ನಿಮ್ಮ ಪ್ರಾಣ ಉಳಿಸಿದ."

"ನಿನ್ನದನ್ನೂ," ಎಂದ ಕೇಸೋ. "ನಾವಿಬ್ಬರೂ ಒಂದೇ ಅಪ್ಪನ ಮಕ್ಕಳು ಅಂತಾಯ್ತು. ಮನೆ ಮಾತು ಮನೆಯಲ್ಲೇ ಇರಲಿ."

ಮರುದಿನ ಬೆಳಗಿನಿಂದ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿರಿಯರಿಬ್ಬರೂ ದಂತದ ಕುರ್ಚಿಗಳಲ್ಲಿ ಕೂತಿದ್ದರು. ಸಾರುವವನು ಹೆಸರು ಕೂಗುತ್ತಿದ್ದ. ಹೆಸರಾದವನು ಕುದುರೆಯ ಕಡಿವಾಣ ಹಿಡಿದು ಅವರ ಮುಂದೆ ನಿಲ್ಲಬೇಕು. ಎರಡೇ ತೀರ್ಪು. "ಕುದುರೆ ಮುಂದೆ ನಡೆಸು" ಎಂದರೆ ಅವನು ರಾವುತನಾಗಿ ಉಳಿದ. "ಕುದುರೆ ಮಾರಿಬಿಡು" ಎಂದರೆ ಇಲ್ಲ. ನಮ್ಮ ಕ್ವಿರೀನಾ ಕುಲದ ಸರದಿ ಬಿಸಿಲೇರಿದ ಮೇಲೆ ಬಂತು. ಭಾವನ ಹಿಂದೆ ಇಬ್ಬರು, ಅವರ ಹಿಂದೆ ನಾನು. ಅಕ್ಕ ಗುಡಿಯ ಮೆಟ್ಟಿಲ ಮೇಲೆ ಹೆಂಗಸರ ನಡುವೆ ನಿಂತಿದ್ದಳು.

"ಸರ್ಟೋರ ನೇರಿಯಸ್. ಸ್ಪೇನಿನ ಕಣಿವೆಯಲ್ಲಿ ಜನ ಕೊಟ್ಟ ಕುದುರೆ ಬಿಟ್ಟು ನೆಲಕ್ಕೆ ಇಳಿದೆ ಅಂತ ಇದೆ. ಬಿದ್ದೆಯೋ, ಬಿಟ್ಟೆಯೋ?" ಎಂದ ಆ ಸೋದರಮಾವ.

"ಇಳಿದೆ ಸ್ವಾಮಿ. ಇನ್ನೊಬ್ಬರನ್ನ ಹತ್ತಿಸಿದೆ."

"ಯಾರನ್ನ?"

"ಅವರು ಅಲ್ಲೇ ನಿಂತಿದ್ದಾರೆ. ಅವರನ್ನೇ ಕೇಳಿ."

ಕೇಸೋ ಒಂದು ಹೆಜ್ಜೆ ಮುಂದೆ ಬಂದ. "ಸವಾರನಿಲ್ಲದ ಕುದುರೆ ನಾನು ಹಿಡಿದದ್ದು. ಈ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಭಯದಲ್ಲಿ ಯಾರು ಏನು ಮಾಡ್ತಾರೆ ಅವರಿಗೇ ಗೊತ್ತಿರಲ್ಲ."

ಜನರಲ್ಲಿ ಗುಜುಗುಜು ಎದ್ದಿತು. ಇನ್ನೊಬ್ಬ ಹಿರಿಯ, ಬಿಳಿಗೂದಲಿನವನು, ಕೈಯೆತ್ತಿದ. ಅವನ ದನಿಯಲ್ಲಿ ಕೆಡುಕಿರಲಿಲ್ಲ. "ನಿಲ್ಲಿ. ಈ ವಿಷಯ ಬೇರೆ ಥರಾನೂ ಕೇಳಿದ್ದೀನಿ. ನೇರಿಯಸ್, ನೋಡಿದವರು ಯಾರಾದ್ರೂ ಬದುಕಿದ್ದಾರಾ?"

ಭಾವ ತಿರುಗಿ ನೋಡಲಿಲ್ಲ. ಕಂದು ಕುದುರೆಯ ಕುತ್ತಿಗೆಯ ಮೇಲೆ ಮೂರು ಬೆರಳಿನ ಕೈಯಿಟ್ಟುಕೊಂಡು ನಿಂತಿದ್ದ. ಅವನು ಕಾಯುತ್ತಿದ್ದಾನೆ ಎಂದು ಅವನ ಬೆನ್ನಿನಿಂದಲೇ ನನಗೆ ತಿಳಿಯಿತು. ಹೆಸರು ಹೇಳುವವನಲ್ಲ, ನಾನಾಗಿ ಬರಲಿ ಎಂದು ಕಾಯುವವನು. ನನ್ನ ಮುಂದಿನಿಬ್ಬರು ಹೊರಳಿ ನನ್ನನ್ನು ನೋಡಿದರು. ಮೆಟ್ಟಿಲಿನಿಂದ ಅಕ್ಕನ ಕಣ್ಣು ನನ್ನ ಮೇಲೆ ಬಿದ್ದದ್ದೂ ಗೊತ್ತಾಯಿತು. ಕೇಸೋ ನನ್ನ ಕುದುರೆಯ ಎದೆಯನ್ನೇ ನೋಡುತ್ತಿದ್ದ.

ಒಂದು ಹೆಜ್ಜೆ ಸಾಕಾಗಿತ್ತು. ಎಷ್ಟೋ ಸಲ ಆ ಹೆಜ್ಜೆಯನ್ನು ಆಮೇಲೆ ಇಟ್ಟಿದ್ದೇನೆ, ಹೊಲದಲ್ಲಿ, ಹಾಸಿಗೆಯಲ್ಲಿ, ಊಟದ ನಡುವೆ. ಆ ದಿನ ಕಾಲು ಏಳಲಿಲ್ಲ.

"ಇಲ್ಲ ಸ್ವಾಮಿ," ಎಂದ ಭಾವ ಕೊನೆಗೆ. "ನೋಡಿದವರು ಯಾರೂ ಬದುಕಿಲ್ಲ."

"ಕುದುರೆ ಮಾರಿಬಿಡು."

ಭಾವ ತಲೆಬಾಗಿಸಿ ಕುದುರೆಯನ್ನು ಪಕ್ಕಕ್ಕೆ ನಡೆಸಿಕೊಂಡು ಹೋದ. ನಂತರದ ಇಬ್ಬರದು ಬೇಗ ಮುಗಿಯಿತು. ನನ್ನ ಹೆಸರು ಕೂಗಿದರು. ಬಿಳಿಗೂದಲಿನವನು ಬೆಳ್ಳಿಯ ಬಿಲ್ಲೆಯನ್ನು ನೋಡಿ, ಪಟ್ಟಿಯಲ್ಲಿ ಓದಿ, ದನಿ ಏರಿಸಿ ಎಲ್ಲರಿಗೂ ಕೇಳುವಂತೆ ಹೇಳಿದ: "ಸಂಬಂಧಿಕನಿಗಾಗಿ ಒಬ್ಬನೇ ಶತ್ರುಗಳ ನಡುವೆ ವಾಪಸು ಹೋದವನು. ಇಂಥವರನ್ನ ನೋಡಿ ಕಲೀರಿ. ಕುದುರೆ ಮುಂದೆ ನಡೆಸು, ತೆಟ್ಟಿಯಸ್."

ಜನ ಚಪ್ಪಾಳೆ ತಟ್ಟಿದರು. ನಡೆಸಿದೆ.

ಊರಿಗೆ ಮೂರು ದಿನದ ದಾರಿ. ಭಾವ ಅಕ್ಕನನ್ನು ಹೇಸರಗತ್ತೆಯ ಮೇಲೆ ಕೂರಿಸಿ ತಾನು ಪಕ್ಕದಲ್ಲಿ ನಡೆದ. ನಾನು ಕುದುರೆಯಿಂದ ಇಳಿದು ನಡೆಯಲು ಹೋದರೆ, "ಹತ್ತೋ ಮಾರಾಯ, ನಡೆದು ಯಾರಿಗೆ ಉಪಕಾರ?" ಎಂದ. ಎರಡನೆಯ ದಿನದವರೆಗೆ ಅಕ್ಕ ಮಾತೇ ಆಡಲಿಲ್ಲ. ಆಮೇಲೆ ಒಂದು ಸೇತುವೆಯ ಬಳಿ ಬುತ್ತಿ ಬಿಚ್ಚಿ ಚೀಸು ಹಂಚುತ್ತಾ, ನನ್ನ ಪಾಲನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು:

"ನೀನೇ ನನಗೆ ಹೇಳಿದ್ದೆಯಲ್ಲೋ, ಕಣ್ಣಾರೆ ಕಂಡ ಹಾಗೆ. ಅಮ್ಮಾ ಅಂದನಂತೆ, ಮೂಟೆ ಎಸೆದ ಹಾಗೆ ಎಸೆದರಂತೆ. ಮೊನ್ನೆ ಚೌಕದಲ್ಲಿ ಮರೆತುಹೋಯ್ತಾ?"

"ಬಿಡೇ," ಎಂದ ಭಾವ.

"ನೀವು ಸುಮ್ಮನಿರಿ. ಇವನು ಎಲ್ಲ ಮುಗಿದ ಮೇಲೆ ನಿಮ್ಮನ್ನ ಹುಡುಕ್ಕೊಂಡು ಬಂದ ಅಂತ ದಂಡಿನಲ್ಲಿ ಹೇಳಿದ್ರಂತೆ. ಮುಗಿದ ಮೇಲೆ ಬಂದವನು ಮೊದಲಿನದನ್ನ ಹೇಗೋ ನೋಡಿದ?"

ನಾನು ಹೊಳೆಯ ನೀರು ನೋಡುತ್ತಿದ್ದೆ. ಅಕ್ಕ ಭಾವನ ಮುಖ ನೋಡಿದಳು, ಮತ್ತೆ ನನ್ನ ಮುಖ. ನನ್ನ ಪಾಲಿನ ಚೀಸನ್ನು ಕಲ್ಲಿನ ಮೇಲಿಟ್ಟು ಎದ್ದು ಹೋದಳು.

ಮರುವರ್ಷ ಲಿಗೂರಿಯಾದ ಗುಡ್ಡಗಾಡಿನ ಯುದ್ಧಕ್ಕೆ ಕರೆ ಬಂತು. ರಾವುತನಾಗಿ ಭಾವ ಬೇಕಾದಷ್ಟು ವರ್ಷ ದುಡಿದು ಮುಗಿಸುವುದರಲ್ಲಿದ್ದ. ಕಾಲಾಳು ದುಡಿಯಬೇಕಾದ ವರ್ಷಗಳ ಲೆಕ್ಕ ಇನ್ನೂ ಉದ್ದ. ಅವನನ್ನು ಮತ್ತೆ ಕರೆದರು. ಮೂರು ಬೆರಳಿನ ಕೈಗೆ ಉದ್ದನೆಯ ಭಾರದ ಗುರಾಣಿ ಕೊಟ್ಟರು. ಹಿಡಿ ನಿಲ್ಲುತ್ತಿರಲಿಲ್ಲ, ತೊಗಲಿನ ಪಟ್ಟಿಯಿಂದ ಮೊಣಕೈಗೆ ಕಟ್ಟಿಕೊಂಡಿದ್ದ. ನಾವು ರಾವುತರು ಮುಂದೆ, ಅವರು ಹಿಂದೆ. ಒಂದು ಸಂಜೆ ಪಾಳೆಯದಲ್ಲಿ ನಾನು ಅವನ ಗುಡಾರ ಹುಡುಕಿಕೊಂಡು ಹೋದೆ. ಅವನು ಕಾಲು ಬಿಸಿನೀರಿನಲ್ಲಿಟ್ಟುಕೊಂಡು ಕೂತಿದ್ದ.

"ಬಾ ಬಾಮೈದ. ಆರು ದಿನದಿಂದ ನಿನ್ನ ಕುದುರೆ ಎಬ್ಬಿಸಿದ ಧೂಳು ಕುಡೀತಾ ಇದ್ದೀನಿ. ಮೊದಲನೇ ಸಲ ಗೊತ್ತಾಯ್ತು, ನಾವು ಹಿಂದಿನವರಿಗೆ ಇಷ್ಟು ಧೂಳು ಕುಡಿಸ್ತಿದ್ವಿ ಅಂತ."

"ಭಾವ, ಆ ದಿನ ಚೌಕದಲ್ಲಿ..."

"ಸಾಕು." ಅಷ್ಟು ಬಿರುಸಾಗಿ ಅವನು ನನ್ನೊಡನೆ ಎಂದೂ ಮಾತಾಡಿರಲಿಲ್ಲ. "ಪೊದೆಯಲ್ಲಿ ನಿಂತಿದ್ದಕ್ಕೆ ನಿನ್ನ ಮೇಲೆ ನನಗೆ ಒಂದು ದಿನಾನೂ ಕೋಪ ಬರಲಿಲ್ಲ ವಿಬಿಯ. ಅಲ್ಲಿ ನಿನಗೆ ಇಪ್ಪತ್ತೈದು ವರ್ಷ, ಮೇಲಿಂದ ಬಂಡೆ ಬೀಳ್ತಿತ್ತು. ಚೌಕದಲ್ಲಿ ಯಾರು ನಿನ್ನ ಮೇಲೆ ಬಂಡೆ ಎಸೀತಿದ್ರು?"

ಅವನು ಕಾಲು ಒರೆಸಿಕೊಂಡು, "ಪೊದೆ ವಿಷಯ ಬಾಯಿ ಬಿಡ್ಬೇಡ ಅಂತ ನಾನೇ ಅಂದಿದ್ದೆ. ಈಗ ಹೇಳ್ತೀನಿ: ನಿಮ್ಮಕ್ಕನಿಗೆ ಹೇಳು. ನೀನೇ ಹೇಳು. ಅದೊಂದು ಬಾಕಿ ಇದೆ," ಎಂದ.

ಹತ್ತು ದಿನದ ಮೇಲೆ ಒಂದು ಹೊಳೆ ದಾಟುವಾಗ ಕಾಲಾಳುಗಳ ಮೇಲೆ ದಾಳಿಯಾಯಿತು. ನಾವು ಆಗಲೇ ಆಚೆ ದಡದಲ್ಲಿದ್ದೆವು. ಭಾವನ ತೊಡೆಗೆ ತಗುಲಿದ ಈಟಿಯ ಗಾಯ ಕೀವಾಗಿ, ಜ್ವರ ಏರಿ, ಐದನೆಯ ದಿನ ಸತ್ತ. ಕಾಲಾಳುಗಳಿಗಾಗಿ ಒಟ್ಟಿದ ಚಿತೆಯಲ್ಲಿ ಇಪ್ಪತ್ತು ಜನರ ಜೊತೆ ಸುಟ್ಟರು. ಬೂದಿ ಯಾರದು ಯಾರದೆಂದು ತಿಳಿಯದೆ ಒಂದು ಹಿಡಿ ತಂದು ಅಕ್ಕನ ಕೈಗೆ ಕೊಟ್ಟೆ. ಪೊದೆಯ ಮಾತು ಹೇಳಬೇಕೆಂದುಕೊಂಡೇ ಹೋಗಿದ್ದೆ. ಅವಳ ಮುಖ ನೋಡಿ, ಇವತ್ತು ಬೇಡ ಎಂದುಕೊಂಡೆ.

ಎರಡು ವರ್ಷದ ಮೇಲೆ ಕೇಸೋ ವಲ್ಗೀನಿಯಸ್ ನೂರ್ಸಿಯಾಕ್ಕೆ ಬಂದ. ರೋಮಿನಲ್ಲಿ ಒಂದು ಪದವಿಗೆ ನಿಂತಿದ್ದ. ಸುಣ್ಣ ಉಜ್ಜಿದ ಬೆಳ್ಳನೆಯ ಟೋಗಾ, ಹಿಂದೆ ಇಪ್ಪತ್ತು ಮಂದಿ. ನಮ್ಮ ಕ್ವಿರೀನಾ ಕುಲದ ಮತ ಅವನಿಗೆ ಬೇಕಿತ್ತು. ಭಾವನ ಬೂದಿಯಿಟ್ಟ ಕಲ್ಲಿನ ಮುಂದೆ ಊರನ್ನೆಲ್ಲ ಸೇರಿಸಿದ. ಒಬ್ಬ ಆಳು ತಟ್ಟೆಯಲ್ಲಿ ಓಕ್ ಎಲೆಯ ಕಿರೀಟ ಹಿಡಿದು ನಿಂತಿದ್ದ.

"ನೂರ್ಸಿಯಾದವರೇ! ಎಂಟು ವರ್ಷ ಒಂದು ಸತ್ಯ ನನ್ನ ಎದೆಯಲ್ಲಿ ಭಾರವಾಗಿ ಕೂತಿತ್ತು. ಬಿದ್ದ ಏಟಿಗೆ ನನಗೆ ನೆನಪು ಹೋಗಿತ್ತು. ದೇವರು ನೆನಪು ವಾಪಸು ಕೊಟ್ಟ. ನನ್ನ ಪ್ರಾಣ ಉಳಿಸಿದವನು ನಿಮ್ಮೂರಿನ ಸರ್ಟೋರ ನೇರಿಯಸ್. ಇವತ್ತಿನಿಂದ ಅವನೇ ನನ್ನ ತಂದೆ!"

ಅವನು ಅತ್ತ. ನಿಜವಾದ ಕಣ್ಣೀರೇ ಇರಬೇಕು. ಮುದುಕರು ತಾವೂ ಕಣ್ಣೊರೆಸಿಕೊಂಡರು. ಕಲ್ಲಿನ ಮೇಲೆ ಕಿರೀಟ ಇಟ್ಟು, "ಅದನ್ನ ಕಣ್ಣಾರೆ ಕಂಡವನು ಇಲ್ಲೇ ಇದ್ದಾನೆ. ಬಾ ತೆಟ್ಟಿಯಸ್, ಹೇಳು," ಎಂದ.

ಈ ಸಲ ಕಾಲು ಎದ್ದಿತು. ಮುಂದೆ ಹೋದೆ, ಹೇಳಿದೆ. ಚೆನ್ನಾಗಿಯೇ ಹೇಳಿದೆ. ಭಾವ ತಿರುಗಿದ್ದು, ಇಳಿದದ್ದು, ಎಳೆದದ್ದು, ಒಬ್ಬನೇ ಬಂಡೆಗೆ ಬೆನ್ನು ಕೊಟ್ಟು ನಿಂತದ್ದು. ಅಮ್ಮನನ್ನು ಕರೆದದ್ದನ್ನು ಬಿಟ್ಟೆ. ಊರಿಗೆ ಊರೇ ಭಾವನ ಹೆಸರು ಕೂಗಿತು.

ಅಕ್ಕ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಹಿಟ್ಟು ನಾದುತ್ತಿದ್ದವಳು, ಮೊಣಕೈವರೆಗೆ ಹಿಟ್ಟು. ಕೇಸೋ ಬಾಗಿ ಅವಳ ಕೈ ಹಿಡಿಯಲು ಹೋದ.

"ಅಮ್ಮಾ, ನಾನು ನಿಮ್ಮ ಮಗ."

"ಹೌದೇನಪ್ಪ? ಅಪ್ಪ ಸತ್ತು ಎರಡು ವರ್ಷಕ್ಕೆ ಹುಟ್ಟಿದೀಯ," ಎಂದಳು ಅಕ್ಕ ಎಲ್ಲರಿಗೂ ಕೇಳುವಂತೆ. "ಕಾಸ್ಟರಾಣೆ, ಊರಲ್ಲಿ ನನ್ನ ಮಾನ ಏನಾಗಬೇಡ?"

ಒಬ್ಬಿಬ್ಬರು ನಕ್ಕರು, ಬೇಗ ನಿಲ್ಲಿಸಿದರು. ಅಕ್ಕ ನನ್ನ ಕಡೆ ತಿರುಗಿದಳು.

"ಈಗ ಮಾತು ಬಂತಾ ನಿನಗೆ? ಒಳ್ಳೇದು. ಇನ್ನೊಂದೇ ಮಾತು ಉಳೀತು. ಎಲ್ಲಿ ನಿಂತು ನೋಡಿದೆ, ಅದನ್ನೂ ಹೇಳಿಬಿಡು."

ನಾನು ಬಾಯಿ ತೆರೆದೆ.

"ತಾಯಿ ದುಃಖದಲ್ಲಿದ್ದಾರೆ," ಎಂದು ಕೇಸೋ ನನ್ನ ಹೆಗಲ ಮೇಲೆ ಕೈಹಾಕಿದ. "ಇವನು ಭಾವನಿಗಾಗಿ ಸಾವಿನ ಬಾಯಿಗೆ ವಾಪಸು ಹೋದವನು. ಇವನ ಶೌರ್ಯ ರೋಮಿಗೇ ಗೊತ್ತು." ಮತ್ತೆ ಚಪ್ಪಾಳೆ. ನನ್ನ ಬಾಯಿ ಮುಚ್ಚಿಕೊಂಡಿತು. ಅಕ್ಕ ಕಿರೀಟದ ಕಡೆ ನೋಡಲೂ ಇಲ್ಲ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮನೆಗೆ ಹೋದಳು.

ಕೇಸೋ ಗೆದ್ದ. ನಮ್ಮ ಕುಲದ ಮತ ಪೂರ್ತಿ ಅವನಿಗೇ ಬಿತ್ತು, ನನ್ನದೂ. ಅಕ್ಕ ಆ ಚಳಿಗಾಲದಲ್ಲೇ ಮನೆ ಮೈದುನನಿಗೆ ಬಿಟ್ಟು, ಮಗಳನ್ನು ಕರೆದುಕೊಂಡು ಅಮಿತೆರ್ನಂ ಕಡೆಯ ಒಂದು ಚಿಕ್ಕ ಜಮೀನಿಗೆ ಹೋದಳು. ಮಗಳ ಮದುವೆಗೆ ನನ್ನನ್ನು ಕರೆಯಲಿಲ್ಲ. ಮದುವೆಯಾಯಿತೆಂದು ನನಗೆ ಹೇಳಿದವನು ಉಪ್ಪು ಮಾರುವವನು.

ನಲವತ್ತಾರು ತುಂಬಿ ಜನರ ಕುದುರೆಯನ್ನು ಒಪ್ಪಿಸಿದ ವರ್ಷ, ನಾನು ಅಮಿತೆರ್ನಂಗೆ ನಡೆದು ಹೋದೆ. ಅಕ್ಕ ಅಂಗಳದಲ್ಲಿ ಕೂತು ಅವರೆ ಆರಿಸುತ್ತಿದ್ದಳು. ತಲೆ ಪೂರ್ತಿ ನರೆತಿತ್ತು. ನಾನು ನಿಂತೇ ಹೇಳಿದೆ: ಬಂಡೆ, ಪೊದೆ, ಕುದುರೆಯ ಮೂಗು, ಒದ್ದೆ ತೊಡೆ, ಭಾವ ಹೇಳಿದ ಸುಳ್ಳು, ಚಿಲುಮೆಯ ಹತ್ತಿರ ಕೇಸೋ ಆಡಿದ ಮಾತು. ಒಂದನ್ನೂ ಬಿಡಲಿಲ್ಲ.

ಅವಳ ಕೈ ನಿಲ್ಲಲಿಲ್ಲ. ಹುಳುಕು ಒಂದು ಕಡೆ, ಒಳ್ಳೆಯದು ಒಂದು ಕಡೆ.

"ಸೇತುವೆ ಹತ್ರಾನೇ ಗೊತ್ತಾಗಿತ್ತು," ಎಂದಳು. "ಅವರು ಇರೋವಾಗ ಹೇಳ್ತೀಯೇನೋ ಅಂತ ಕಾಯ್ತಿದ್ದೆ. ಆಮೇಲೆ ಊರಿನ ಮುಂದೆ ಹೇಳ್ತೀಯೇನೋ ಅಂತ. ಈಗ ನನ್ನೊಬ್ಬಳಿಗೆ ಹೇಳಿ ಏನು ಉಪಯೋಗ?"

"ಅಕ್ಕ, ಭಾವಾನೇ ಹೇಳು ಅಂದಿದ್ದ."

"ಹೇಳಿದೆಯಲ್ಲ. ಆಯ್ತು." ಅವಳು ಮೊರ ಕೊಡವಿ ಎದ್ದಳು. "ಹೋಗ್ತಾ ಬೇಲಿ ಬಾಗಿಲು ಎಳ್ಕೊಂಡು ಹೋಗು. ಹಂದಿ ನುಗ್ತವೆ."